ಬೆಂಗಳೂರಿನ ಸುತ್ತಲ ಊರುಗಳಿಗೆ ಸಾರಿಗೆ ಜಾಲ ಹೆಣೆಯುವುದಾದರೆ ಮೊದಲು ಎಲ್ಲಿ ಕೈ ಹಾಕಬೇಕು?

ಹಳಿಹುಚ್ಚ

ಹೊಸ ಮೆಟ್ರೊ ಮಾರ್ಗದ ಸುದ್ದಿ ಬಂದಾಗಲೆಲ್ಲ ನಾವು ಈ ಚರ್ಚಾತಾಣದಲ್ಲಿ ನಕ್ಷೆ ಹಿಡಿದು ಬಣ್ಣ ಬಳಿಯಲು ಕೂರುತ್ತೇವೆ. ಈ ಸಲ ಬಣ್ಣದ ಡಬ್ಬಿ ಪಕ್ಕಕ್ಕಿಟ್ಟು ಬೇರೊಂದು ಪ್ರಶ್ನೆ ಕೇಳುತ್ತೇನೆ.

ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ವ್ಯಾಪ್ತಿ ಸುಮಾರು 8,000 ಚದರ ಕಿ.ಮೀ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿ, ನೆಲಮಂಗಲ ಎಲ್ಲವೂ ಅದರೊಳಗೆ ಬರುತ್ತವೆ. ತುಮಕೂರು, ಬಂಗಾರಪೇಟೆ, ಹೊಸೂರು ಅದರಾಚೆಗಿದ್ದರೂ ಅಲ್ಲಿನ ಸಾವಿರಾರು ಜನ ಬೆಳಗಾದರೆ ಹೊರಡುವುದು ಇಲ್ಲಿಗೇ. ಇವರಿಗಾಗಿ ಈಗ ಇರುವುದೇನು? ಸುಮಾರು 96 ಕಿ.ಮೀ. ಮೆಟ್ರೊ, ದಿನಕ್ಕೆ 40 ಲಕ್ಷದಷ್ಟು ಜನರನ್ನು ಹೊರುವ ಬಿಎಂಟಿಸಿ, ಮೈಸೂರು, ಹಾಸನ, ತುಮಕೂರು, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಬಂಗಾರಪೇಟೆ, ಹೊಸೂರು ಎಂದು ಏಳು ದಿಕ್ಕಿಗೆ ಹರಡಿದ ರೈಲು ಹಳಿ. ಉಪನಗರ ರೈಲಿನ 148 ಕಿ.ಮೀ. ಇನ್ನೂ ಬರಬೇಕು.

ಇಷ್ಟಿದ್ದರೂ ಇದು ಜಾಲವಾಗಿಲ್ಲ. ಒಂದರಿಂದ ಇಳಿದು ಇನ್ನೊಂದನ್ನು ಹತ್ತುವ ಜಾಗದಲ್ಲೇ ಎಲ್ಲವೂ ಕೆಡುತ್ತದೆ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ನೋಡಿ. 2022ರ ಜೂನ್‌ನಲ್ಲಿ ಶುರುವಾದ, ವಿಮಾನ ನಿಲ್ದಾಣದಂತೆ ಹೊಳೆಯುವ ರೈಲು ನಿಲ್ದಾಣ. ಬೈಯಪ್ಪನಹಳ್ಳಿಯಲ್ಲೇ ಮೆಟ್ರೊ ನಿಲ್ದಾಣವೂ ಇದೆ. ಆದರೂ ಪೆಟ್ಟಿಗೆ ಹಿಡಿದು ಒಂದರಿಂದ ಇನ್ನೊಂದಕ್ಕೆ ನೇರವಾಗಿ ನಡೆದು ಹೋಗುವ ದಾರಿಯಿಲ್ಲದೆಯೇ ಉದ್ಘಾಟನೆ ನಡೆಯಿತು.

ಹೊಸ ಸುರಂಗ, ಹೊಸ ಮೇಲ್ಸೇತುವೆ ಒಂದೂ ಇಲ್ಲ ಎಂದುಕೊಳ್ಳಿ. ಐದು ವರ್ಷದಲ್ಲಿ ಏನು ಮಾಡಬಹುದು?

ತುಮಕೂರು ಸೀಸನ್ ಟಿಕೆಟ್

ಮೊದಲ ಕೂಗು ನಮ್ಮದೇ ಇರಲಿ. ತುಮಕೂರು ಮಾರ್ಗಕ್ಕೆ ಜೋಡಿ ಹಳಿ ಇದೆ, ವಿದ್ಯುದೀಕರಣವೂ ಆಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಯಶವಂತಪುರಕ್ಕೆ ಒಂದು ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ಪ್ರಯಾಣಿಕ) ರೈಲೂ ಸಿಕ್ಕಿತು. ಆದರೆ ಸೀಸನ್ ಟಿಕೆಟ್‌ನವರು ಈಗಲೂ ನೆಚ್ಚಿಕೊಂಡಿರುವುದು ದೂರದ ಊರುಗಳಿಂದ ಬರುವ ಎಕ್ಸ್‌ಪ್ರೆಸ್‌ಗಳನ್ನು. ಆ ಗಾಡಿ ಅರಸೀಕೆರೆಯ ಆಚೆ ಎಲ್ಲೋ ಅರ್ಧ ಗಂಟೆ ನಿಂತರೆ ಇಲ್ಲಿ ಕಚೇರಿಯ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುವುದು ನಮ್ಮ ಹೆಸರಿನ ಮುಂದೆ.

ಈಗ ಹಸಿರು ಮಾರ್ಗದ ತುದಿಯಾದ ಮಾದಾವರದಿಂದ ತುಮಕೂರಿಗೆ ಮೆಟ್ರೊ ತರುವ ಮಾತು ನಡೆದಿದೆ. ಐವತ್ತಕ್ಕೂ ಹೆಚ್ಚು ಕಿ.ಮೀ.! ಮೆಟ್ರೊ ನಿಲುಗಡೆಗಳನ್ನು ಸೇರಿಸಿದರೆ ಗಂಟೆಗೆ ಸುಮಾರು 35 ಕಿ.ಮೀ. ಸಾಗುತ್ತದೆ. ಅಷ್ಟು ಹೊತ್ತು ಅಡ್ಡ ಬೆಂಚಿನ ಡಬ್ಬಿಯಲ್ಲಿ ನಿಂತು ಮಾದಾವರಕ್ಕೆ ಬಂದು, ಅಲ್ಲಿಂದ ಮತ್ತೆ ಮೆಜೆಸ್ಟಿಕ್‌ಗೆ ಹೋಗಬೇಕೆ? ನಮಗೆ ಬೇಕಿರುವುದು ಬೆಳಗ್ಗೆ ಆರರಿಂದ ಹತ್ತರವರೆಗೆ ಅರ್ಧ ಗಂಟೆಗೊಂದು ಮೆಮು, ಸಂಜೆ ಅದೇ ರೀತಿ ವಾಪಸ್. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶಕ್ಕೆ ಎದುರು ದಿಕ್ಕಿನಲ್ಲಿ ಹೋಗುವವರೂ ಇದ್ದಾರೆ, ಗಾಡಿ ಖಾಲಿ ಓಡುವುದಿಲ್ಲ.

ಲೆಕ್ಕಿಗ

ತುಮಕೂರಿನವರ ಮಾತಿಗೆ ಅಂಕಿ ಸೇರಿಸುತ್ತೇನೆ. ಮೆಟ್ರೊ ಮೂರನೇ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 44.65 ಕಿ.ಮೀ.ಗೆ 15,611 ಕೋಟಿ ರೂಪಾಯಿ, ಅಂದರೆ ಕಿ.ಮೀ.ಗೆ ಸುಮಾರು 350 ಕೋಟಿ. ಉಪನಗರ ರೈಲಿನ ನಾಲ್ಕು ಕಾರಿಡಾರ್‌ಗಳಿಗೆ ಸೇರಿ 15,767 ಕೋಟಿ. ಕಿ.ಮೀ.ಗೆ ಸುಮಾರು 106 ಕೋಟಿ. ಎರಡರ ಒಟ್ಟು ಮೊತ್ತ ಹೆಚ್ಚುಕಡಿಮೆ ಒಂದೇ, ಉದ್ದ ಮಾತ್ರ ಮೂರು ಪಟ್ಟಿಗಿಂತ ಹೆಚ್ಚು. ಊರಿನ ಹೊರಗೆ ಐವತ್ತು ಕಿ.ಮೀ. ಮೆಟ್ರೊ ಎಳೆಯುವವರು ಈ ಎರಡು ಸಾಲನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಇನ್ನೊಂದು ಮಾತು. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ಹೇಳಿದ್ದು 40 ತಿಂಗಳು. ಆ ಗಡುವು 2025ರ ಅಕ್ಟೋಬರ್‌ಗೆ ಮುಗಿಯಿತು, ಒಂದು ಗಾಡಿಯೂ ಓಡಲಿಲ್ಲ. ಅದರ ನಾಲ್ಕು ಕಾರಿಡಾರ್‌ಗಳ ಪೈಕಿ ಮಲ್ಲಿಗೆ, ಕನಕ ಎಂಬ ಮಾರ್ಗಗಳ ಗುತ್ತಿಗೆದಾರ ಕಂಪನಿ ನಡುವೆಯೇ ಕೈಬಿಟ್ಟು ಹೋಯಿತು. ಅಗ್ಗವೆಂಬುದು ನಿಜ, ಆದರೆ ಬಾರದ ರೈಲು ಎಷ್ಟು ಅಗ್ಗವಾದರೇನು?

ಡಿಪೊ ಹಿರಿಯ

ನಾನು ಬಸ್ ಡಿಪೊವೊಂದರಲ್ಲಿ ಷೆಡ್ಯೂಲ್ ಹಾಕುವ ಕೆಲಸದಲ್ಲಿದ್ದು ನಿವೃತ್ತನಾದವನು. ನೀವೆಲ್ಲ ರೈಲಿನ ಸುತ್ತಲೇ ಸುತ್ತುತ್ತಿದ್ದೀರಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿದಾಗ ಮೆಟ್ರೊ ಪ್ರಯಾಣಿಕರ ಸಂಖ್ಯೆ ದಿನಕ್ಕೆ 10 ಲಕ್ಷ ದಾಟಿತೆಂದು ದೊಡ್ಡ ಸುದ್ದಿಯಾಯಿತು, ಸಂತೋಷ. ಅದರ ನಾಲ್ಕು ಪಟ್ಟು ಜನ ಸುದ್ದಿಯಿಲ್ಲದೆ ಬಸ್ಸಿನಲ್ಲಿ ಹೋಗುತ್ತಿದ್ದಾರೆ.

ಒಂದು ಲೆಕ್ಕ ಕೊಡುತ್ತೇನೆ. 25 ಕಿ.ಮೀ. ಉದ್ದದ ಮಾರ್ಗ, ಹತ್ತು ನಿಮಿಷಕ್ಕೊಂದು ಬಸ್ ಬೇಕು. ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗ ಸಿಕ್ಕರೆ ಹೋಗಲು 100 ನಿಮಿಷ, ಬರಲು 100 ನಿಮಿಷ, ಎರಡು ತುದಿಯಲ್ಲಿ ಹತ್ತು ಹತ್ತು ನಿಮಿಷ ವಿರಾಮ. ಒಟ್ಟು 220 ನಿಮಿಷ, ಅಂದರೆ 22 ಬಸ್. ಅದೇ ರಸ್ತೆಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟು ವೇಗ 20 ಕಿ.ಮೀ.ಗೆ ಏರಿದರೆ ಒಂದು ಸುತ್ತು 170 ನಿಮಿಷ, 17 ಬಸ್ ಸಾಕು. ಒಂದು ರೂಪಾಯಿಯ ಟೆಂಡರ್ ಇಲ್ಲದೆ ಐದು ಬಸ್ಸು, ಅದರ ಚಾಲಕರು, ನಿರ್ವಾಹಕರು ಬೇರೆ ಮಾರ್ಗಕ್ಕೆ ಸಿಕ್ಕರು. ಬಸ್ ಸಾಲದು ಎಂದು ಗೋಳಾಡುವವರು ಮೊದಲು ರಸ್ತೆಯಲ್ಲಿ ಸಿಕ್ಕಿಕೊಂಡಿರುವ ಬಸ್ಸುಗಳನ್ನು ಬಿಡಿಸಿಕೊಳ್ಳಬೇಕು.

2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಹೊರವರ್ತುಲ ರಸ್ತೆಯಲ್ಲಿ ಇಂಥ ಆದ್ಯತಾ ಪಥ ಮಾಡಿದರು. 500ಡಿ ಬಸ್ಸು ಹತ್ತಿದವರಿಗೆ ವ್ಯತ್ಯಾಸ ತಿಳಿಯುತ್ತಿತ್ತು. ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು, ಪಥವನ್ನು ಬೇರ್ಪಡಿಸಿದ್ದ ಕಂಬಗಳು ಹೋದವು, ಪಥವೂ ಹೋಯಿತು. ಮೆಟ್ರೊ ಕಟ್ಟುವಷ್ಟು ವರ್ಷ ಜನ ಹೇಗೆ ಓಡಾಡಬೇಕು ಎಂಬುದನ್ನು ಯೋಜನಾ ವರದಿಗಳಲ್ಲಿ ಒಂದು ಪುಟಕ್ಕಿಂತ ಹೆಚ್ಚು ಬರೆಯುವುದಿಲ್ಲ.

ವರ್ತೂರು ಕೋಡಿ

ಹಿರಿಯರ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಮೂರು ಪಥದ ರಸ್ತೆಯಲ್ಲಿ ಒಂದನ್ನು ಬಸ್ಸಿಗೆ ಕೊಟ್ಟರೆ ಉಳಿದ ಎರಡರಲ್ಲಿ ನಾವು ನಿಂತೇ ಇರಬೇಕೆ? ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯನ್ನು ಇಲ್ಲಿ ಎಲ್ಲರೂ ಬೈಯುತ್ತೀರಿ. ಕಾರಿನವರನ್ನು ನೆಲದಡಿಗೆ ಕಳುಹಿಸಿ, ಮೇಲಿನ ರಸ್ತೆಯನ್ನು ನೀವೇ ಇಟ್ಟುಕೊಳ್ಳಿ. ನಾನು ಬಸ್ಸಿಗೆ ವಿರೋಧಿಯಲ್ಲ, ನಮ್ಮ ಬಡಾವಣೆಯಿಂದ ಬಸ್ ನಿಲ್ದಾಣಕ್ಕೆ ಹೋಗಲು ಕಾಲುದಾರಿಯೇ ಇಲ್ಲ. ಮಳೆಗಾಲದಲ್ಲಿ ಮಗುವನ್ನು ಕರೆದುಕೊಂಡು ಆ ರಸ್ತೆಯಂಚಿನಲ್ಲಿ ನಡೆದು ನೋಡಿ, ಆಮೇಲೆ ಕಾರಿನವರಿಗೆ ಬುದ್ಧಿ ಹೇಳಿ.

ಡಿಪೊ ಹಿರಿಯ

ಕಾಲುದಾರಿಯ ಮಾತು ನೂರಕ್ಕೆ ನೂರು ಸರಿ ಸ್ವಾಮಿ. ಅದು ಬಸ್ಸಿನ ಬಜೆಟ್‌ನಲ್ಲಿ ಎಂದೂ ಸೇರುವುದಿಲ್ಲ, ಅಲ್ಲೇ ತೊಂದರೆ. ಸುರಂಗದ ಮಾತಿಗೆ ಒಂದೇ ಪ್ರಶ್ನೆ: ಹದಿನೇಳು ಕಿ.ಮೀ. ಆಚೆ ಅಷ್ಟೂ ಕಾರುಗಳು ಮೇಲೆ ಬಂದು ನಿಲ್ಲುವುದು ಎಲ್ಲಿ? ಸಿಲ್ಕ್ ಬೋರ್ಡ್‌ನಲ್ಲಿ!

ಆನೇಕಲ್ ಅಕ್ಕ

ನೀವೆಲ್ಲ ವೇಗದ ಬಗ್ಗೆ ಮಾತಾಡುತ್ತಿದ್ದೀರಿ, ನಾನು ದುಡ್ಡಿನ ಬಗ್ಗೆ ಹೇಳುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ. ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ಈಗ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂದಿದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸು ಅದರಲ್ಲಿ ಹೋಗುತ್ತಾಳೆ ಎಂದುಕೊಂಡಿರಾ? ಮನೆ ಬಿಡುವುದು ಒಂದು ಗಂಟೆ ಮುಂಚೆಯಾದರೂ ಸರಿ, ಅವಳು ಬಸ್ಸಿನಲ್ಲೇ ಕೂರುತ್ತಾಳೆ. ದಿನಕ್ಕೆ ನೂರು ರೂಪಾಯಿ ಉಳಿದರೆ ತಿಂಗಳಿಗೆ ಗ್ಯಾಸ್ ಸಿಲಿಂಡರ್, ಮಗುವಿನ ಶಾಲೆಯ ವ್ಯಾನ್ ಎರಡೂ ಆಗುತ್ತದೆ.

ನಿಮ್ಮ ನಕ್ಷೆಯಲ್ಲಿ ಬಸ್ಸಿಳಿದು ಮೆಟ್ರೊ ಹತ್ತುವ ಚುಕ್ಕೆ ಇದೆ, ಆ ಚುಕ್ಕೆಯಲ್ಲಿ ಮತ್ತೊಮ್ಮೆ ಪರ್ಸ್ ತೆಗೆಯಬೇಕು ಎಂಬುದು ಇಲ್ಲ. ಒಂದೇ ಟಿಕೆಟ್ ಆಗುವವರೆಗೆ ಆ ಚುಕ್ಕೆ ನಮ್ಮ ಪಾಲಿಗೆ ಇಲ್ಲವೆಂದೇ ಲೆಕ್ಕ.

ಲೆಕ್ಕಿಗ

ಅಕ್ಕಾ, ಪ್ರಶ್ನೆ ಒಪ್ಪುತ್ತೇನೆ. ಆದರೆ ಮೆಟ್ರೊ ತನ್ನ ಸಾಲ ತೀರಿಸಬೇಕು. ಬಸ್ಸಿನ ಉಚಿತ ಪ್ರಯಾಣದ ಹಣವನ್ನು ಸರ್ಕಾರ ನಿಗಮಗಳಿಗೆ ಕೊಡಬೇಕು, ಅದೇ ಬಾಕಿ ಉಳಿಯುತ್ತದೆ ಎಂಬ ದೂರು ಇದೆ. ಒಂದೇ ಟಿಕೆಟ್ ಮಾಡಿದರೆ ಮೆಟ್ರೊದ ಪಾಲನ್ನು ತುಂಬುವವರು ಯಾರು?

ಆನೇಕಲ್ ಅಕ್ಕ

ಮೇಲ್ಸೇತುವೆಗೆ ಹಣ ತುಂಬುವವರು ಯಾರೋ ಅವರೇ. ಅದರ ಮೇಲೆ ಹೋಗುವ ಕಾರಿಗೆ ಯಾರೂ ಟಿಕೆಟ್ ಕೇಳುವುದಿಲ್ಲವಲ್ಲ.

ಮ್ಯೂನಿಕ್ ಮಲೆನಾಡಿಗ

ತೀರ್ಥಹಳ್ಳಿ ಕಡೆಯವನು, ಈಗ ಮ್ಯೂನಿಕ್‌ನಲ್ಲಿದ್ದೇನೆ. ಹೊರದೇಶದವರು ಬಂದು ಉಪದೇಶ ಮಾಡುತ್ತಾರೆಂದು ಬೇಸರಿಸಬೇಡಿ, ಲೆಕ್ಕಿಗರ ಪ್ರಶ್ನೆಗೆ ಇಲ್ಲೊಂದು ಉತ್ತರವಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲೇ ಸಾರಿಗೆ ಕೂಟ ಕಟ್ಟಿದರು. ಮ್ಯೂನಿಕ್‌ನಲ್ಲಿ 1972ರ ಒಲಿಂಪಿಕ್ಸ್‌ಗೆ ಮುಂಚೆ ಅದೇ ಆಯಿತು, ಜ್ಯೂರಿಕ್‌ನಲ್ಲಿ 1990ರಲ್ಲಿ. ರೈಲು ಒಬ್ಬರದು, ಟ್ರಾಮ್ ಇನ್ನೊಬ್ಬರದು, ಹಳ್ಳಿಯ ಬಸ್ಸು ಮತ್ತೊಬ್ಬರದು. ಯಾರನ್ನೂ ಯಾರೊಳಗೂ ವಿಲೀನ ಮಾಡಲಿಲ್ಲ. ದರ, ವಲಯ, ವೇಳಾಪಟ್ಟಿ ಮಾತ್ರ ಕೂಟದ ಕೈಯಲ್ಲಿ. ಬಂದ ಹಣವನ್ನು ಒಂದು ಸೂತ್ರದ ಪ್ರಕಾರ ಹಂಚುತ್ತಾರೆ, ಕೊರತೆ ಬಿದ್ದದ್ದನ್ನು ಸರ್ಕಾರ, ಜಿಲ್ಲೆ, ನಗರಗಳು ತುಂಬುತ್ತವೆ. ಪ್ರಯಾಣಿಕ ಟಿಕೆಟ್ ಕೊಳ್ಳುವುದು ಒಂದು ಪ್ರದೇಶಕ್ಕೆ, ಒಂದು ಹೊತ್ತಿಗೆ. ಯಾವ ಬಣ್ಣದ ಗಾಡಿ ಎಂಬುದು ಅವನಿಗೆ ಸಂಬಂಧವಿಲ್ಲ.

ಇಲ್ಲಿನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ, ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮ್ಯೂನಿಕ್‌ನ ಉಪನಗರ ರೈಲುಗಳು ಹೆಚ್ಚುಕಡಿಮೆ ಎಲ್ಲವೂ ಊರ ನಡುವಿನ ಒಂದೇ ಸುರಂಗದಲ್ಲಿ ನುಗ್ಗುತ್ತವೆ. ಅಲ್ಲಿ ಒಂದು ಸಿಗ್ನಲ್ ಕೆಟ್ಟರೆ ನಲವತ್ತು ಕಿ.ಮೀ. ಆಚೆಯ ಹಳ್ಳಿಯವನೂ ಪ್ಲಾಟ್‌ಫಾರ್ಮ್‌ನಲ್ಲಿ ನಡುಗುತ್ತ ನಿಲ್ಲುತ್ತಾನೆ. ಎರಡನೇ ಸುರಂಗಕ್ಕೆ 2017ರಲ್ಲಿ ಗುದ್ದಲಿ ಹಾಕಿದರು. 2030ರ ದಶಕದ ನಡುವಿಗೆ ಮುಂಚೆ ಮುಗಿಯುವ ಲಕ್ಷಣವಿಲ್ಲ, ಖರ್ಚು ಶತಕೋಟಿಗಳಲ್ಲಿ ಏರಿದೆ. ಎಲ್ಲವನ್ನೂ ಮೆಜೆಸ್ಟಿಕ್‌ಗೆ ತರಬೇಡಿ.

ಹಳಿಹುಚ್ಚ

ಮಲೆನಾಡಿಗರೇ, ಕೊನೆಯ ಸಾಲಿಗೆ ನಮಸ್ಕಾರ. ನಮ್ಮ ಬಸ್ಸು, ಮೆಟ್ರೊ, ರೈಲು ಮೂರೂ ಮೆಜೆಸ್ಟಿಕ್ ಎಂಬ ಒಂದೇ ಗುಂಡಿಗೆ ಬೀಳುತ್ತವೆ. ಯಶವಂತಪುರ, ಕೃಷ್ಣರಾಜಪುರ, ಕೆಂಗೇರಿ, ಯಲಹಂಕ ಈ ನಾಲ್ಕನ್ನು ನಿಜವಾದ ಕೂಡುನಿಲ್ದಾಣ ಮಾಡಿದರೆ ಹೊರಗಿನಿಂದ ಬರುವ ಅರ್ಧದಷ್ಟು ಜನ ಒಳಗೆ ಬರುವುದೇ ಬೇಡ. ತುಮಕೂರಿನವರು ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗ ಹಿಡಿಯಲಿ. ಬಂಗಾರಪೇಟೆಯವರಿಗೆ ಕೃಷ್ಣರಾಜಪುರದಲ್ಲಿ ನೇರಳೆ ಮಾರ್ಗ ಈಗಲೇ ಇದೆ, ಸಿಲ್ಕ್ ಬೋರ್ಡ್‌ನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗವೂ ಅಲ್ಲಿಗೇ ಬರಲಿದೆ. ಈ ಕೂಡುನಿಲ್ದಾಣಗಳನ್ನು ಕಟ್ಟಲು ಸುರಂಗ ಬೇಡ. ಬೇಲಿ ಒಡೆದು ದಾರಿ ಮಾಡಬೇಕು, ಚಾವಣಿ ಹಾಕಬೇಕು, ಬಸ್ಸನ್ನು ಗೇಟಿನ ಒಳಗೆ ತರಬೇಕು. ಆದರೆ ಆ ಬೇಲಿಯ ಒಂದು ಬದಿ ರೈಲ್ವೆಯದು, ಇನ್ನೊಂದು ಬದಿ ಮೆಟ್ರೊ ನಿಗಮದ್ದು, ನಡುವಿನ ರಸ್ತೆ ಪಾಲಿಕೆಯದು. ಬೇಲಿ ಗಟ್ಟಿಯಾಗಿರುವುದು ಅದಕ್ಕೇ.

ಇದಕ್ಕಾಗಿಯೇ ಕಾನೂನು ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆ 2022ರ ಡಿಸೆಂಬರ್‌ನಲ್ಲಿ ವಿಧಾನಮಂಡಲದಲ್ಲಿ ಅಂಗೀಕಾರವಾಯಿತು. ಮುಖ್ಯಮಂತ್ರಿಯೇ ಅಧ್ಯಕ್ಷರು. ಆಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು. ಪ್ರಾಧಿಕಾರದ ಮೇಲೆ ಪ್ರಾಧಿಕಾರ. ಚೆನ್ನೈನವರದು 2010ರ ಕಾಯ್ದೆ, ಬಹುಕಾಲ ಮಲಗಿತ್ತು, ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಬಸ್ಸು, ಮೆಟ್ರೊ, ಉಪನಗರ ರೈಲು ಮೂರಕ್ಕೂ ಒಂದೇ ಮೊಬೈಲ್ ಟಿಕೆಟ್ ತಂದರು. ಅವರಿಗೆ ಆದದ್ದು ನಮಗೆ ಆಗದಿರಲು ತಾಂತ್ರಿಕ ಕಾರಣ ಒಂದೂ ಇಲ್ಲ.

ಡಿಪೊ ಹಿರಿಯ

ಹಳಿಹುಚ್ಚರೇ, ನಿಮ್ಮ ಒಂದು ಮಾತನ್ನು ನಾನು ಒಪ್ಪಲಾರೆ. "ಒಳಗೆ ಬರುವುದೇ ಬೇಡ" ಎಂದಿರಿ. ಹೊಸಕೋಟೆ ಕಡೆಯಿಂದ ಕೃಷ್ಣರಾಜ ಮಾರುಕಟ್ಟೆಗೆ ನಸುಕಿನಲ್ಲಿ ಹೂವಿನ ಮೂಟೆ, ಸೊಪ್ಪಿನ ಕಟ್ಟು ತರುವವರನ್ನು ನೋಡಿದ್ದೀರಾ? ಮೆಟ್ರೊದ ತಪಾಸಣೆ ಯಂತ್ರದಲ್ಲಿ ಆ ಮೂಟೆ ತೂರುವುದಿಲ್ಲ. ನೇರ ಬಸ್ಸನ್ನು ಕತ್ತರಿಸಿ ಮೆಟ್ರೊ ನಿಲ್ದಾಣಕ್ಕೆ ಫೀಡರ್ ಮಾಡಿದರೆ ಮೊದಲು ಏಟು ಬೀಳುವುದು ಅವರಿಗೆ. ಮುದುಕರು, ಆಸ್ಪತ್ರೆಗೆ ಬರುವವರು ಇನ್ನೊಂದು ಗುಂಪು. ಕೂತ ಜಾಗದಿಂದ ಏಳದೆ ಇಳಿಯುವ ಊರು ತಲುಪುವುದನ್ನು ಜನ ವೇಗಕ್ಕಿಂತ ಹೆಚ್ಚು ಬಯಸುತ್ತಾರೆ. ನಾವು ಒಂದು ನೇರ ಟ್ರಿಪ್ ಕಡಿತ ಮಾಡಿದರೆ ವಾರದೊಳಗೆ ಶಾಸಕರ ಪತ್ರ ಬರುತ್ತಿತ್ತು, ಆ ಪತ್ರದಲ್ಲಿ ನ್ಯಾಯವೂ ಇರುತ್ತಿತ್ತು.

ಹಳಿಹುಚ್ಚ

ನಸುಕಿನ ನೇರ ಬಸ್ಸುಗಳನ್ನು ಉಳಿಸೋಣ, ಅದರಲ್ಲಿ ಜಗಳವಿಲ್ಲ. ಆದರೆ ಮಧ್ಯಾಹ್ನ ಹನ್ನೊಂದಕ್ಕೆ ಅರ್ಧ ಖಾಲಿ ಬಸ್ಸು ಹೊಸಕೋಟೆಯಿಂದ ಮೆಜೆಸ್ಟಿಕ್‌ಗೆ ಎರಡು ಗಂಟೆ ತೆವಳುವುದು ಯಾರ ಒಳಿತಿಗೆ? ಅದೇ ಬಸ್ಸು ಕೃಷ್ಣರಾಜಪುರಕ್ಕೇ ತಿರುಗಿದರೆ ಅಷ್ಟು ಹೊತ್ತಿನಲ್ಲಿ ಎರಡು ಸುತ್ತು ಹೊಡೆಯುತ್ತದೆ, ಹೊಸಕೋಟೆಯಲ್ಲಿ ಕಾಯುವವನಿಗೆ ಬಸ್ಸು ಬೇಗ ಸಿಗುತ್ತದೆ.

ಡಿಪೊ ಹಿರಿಯ

ಸಿಗುತ್ತದೆ, ಇಳಿದ ಮೇಲೆ ಮುಂದಿನ ಗಾಡಿ ಐದು ನಿಮಿಷದಲ್ಲಿ ಇದ್ದರೆ. ಹಳದಿ ಮಾರ್ಗ ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಅಂಥ ಕಡೆ ನೇರ ಬಸ್ಸನ್ನು ಕತ್ತರಿಸುವುದು ಮೋಸ. ಮುಂದಿನ ಗಾಡಿ ಖಾತ್ರಿಯಾದ ಮೇಲಷ್ಟೇ ಕತ್ತರಿ.

ಹೊಸೂರು ಗಡಿ

ಗಡಿಯಾಚೆಯವರ ಮಾತೂ ಇರಲಿ. ಹೊಸೂರಿನಲ್ಲಿ ಕನ್ನಡ ಮನೆಮಾತಿನವರು ಎಷ್ಟೋ ಜನ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೊಮ್ಮಸಂದ್ರದಿಂದ ನಮ್ಮೂರಿಗೆ ಮೆಟ್ರೊ ತರುವ ಚರ್ಚೆ ಎರಡು ರಾಜ್ಯಗಳ ನಡುವೆ ಓಡಾಡುತ್ತಲೇ ಇದೆ. ನಿಮ್ಮ ಮೆಟ್ರೊ 750 ವೋಲ್ಟ್‌ನ ಮೂರನೇ ಹಳಿಯಿಂದ ವಿದ್ಯುತ್ ಪಡೆಯುತ್ತದೆ, ಚೆನ್ನೈನದು ಮೇಲಿನ ತಂತಿಯಿಂದ 25,000 ವೋಲ್ಟ್. ಒಂದರ ಗಾಡಿ ಇನ್ನೊಂದರ ಹಳಿಯಲ್ಲಿ ಓಡುವುದಿಲ್ಲ. ಅದು ಬಗೆಹರಿಯುವ ಹೊತ್ತಿಗೆ ನನ್ನ ಮಗಳಿಗೂ ಕೆಲಸ ಸಿಕ್ಕಿರುತ್ತದೆ. ನಮ್ಮೂರಲ್ಲಿ ರೈಲು ನಿಲ್ದಾಣ ಇದೆ, ಈಗಾಗಲೇ ಇರುವ ಹಳಿ ಬೇಡವಾಯಿತೆ?

ತುಮಕೂರು ಸೀಸನ್ ಟಿಕೆಟ್

ಹೊಸೂರಿನವರೇ, ಹಳಿ ಇದ್ದ ಮಾತ್ರಕ್ಕೆ ಆಗದು, ಹಳಿಯ ಮೇಲೆ ಹೊತ್ತು ಬೇಕು. ಬೆಳಗಿನ ಎರಡು ಗಂಟೆಯಲ್ಲಿ ಎಕ್ಸ್‌ಪ್ರೆಸ್, ಗೂಡ್ಸ್, ಮೆಮು ಎಲ್ಲಕ್ಕೂ ಒಂದೇ ಜಾಗ ಬೇಕು. ದಾರಿ ಬಿಟ್ಟು ಪಕ್ಕದ ಲೂಪ್‌ಲೈನಿಗೆ ಹೋಗಿ ನಿಲ್ಲುವುದು ಯಾವತ್ತೂ ಮೆಮು. ದಂಡು (ಕಂಟೋನ್ಮೆಂಟ್)–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡುವ ಯೋಜನೆ ತೊಂಬತ್ತರ ದಶಕದಲ್ಲೇ ಮಂಜೂರಾದದ್ದು. ಅದು ಮುಗಿಯದೆ ಪೂರ್ವದ ಕಡೆ ಗಾಡಿ ಹೆಚ್ಚಿಸಲು ಬರುವುದಿಲ್ಲ. ಹಾಗಾಗಿ ನಾನಾದರೆ ಹೊಸ ಮಾರ್ಗಗಳ ಹಣವನ್ನು ಮೊದಲು ಸಿಗ್ನಲ್ ಮತ್ತು ಮೂರನೇ, ನಾಲ್ಕನೇ ಹಳಿಗೆ ಸುರಿಯುತ್ತಿದ್ದೆ. ಅದಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಇರುವುದಿಲ್ಲ, ಅದೇ ಅದರ ದೌರ್ಭಾಗ್ಯ. ವಿಮಾನ ನಿಲ್ದಾಣದ ಪಕ್ಕದ ಹಾಲ್ಟ್ 2021ರ ಜನವರಿಯಲ್ಲಿ ತೆರೆದರಲ್ಲ, ನಿಲ್ದಾಣ ಚೆನ್ನಾಗಿದೆ. ಆದರೆ ಅಲ್ಲಿ ಇಳಿಯಬೇಕಾದವನು ವಿಮಾನದ ಹೊತ್ತು ನೋಡಿ ರೈಲು ಹುಡುಕಿದರೆ ಸಿಗುವುದಿಲ್ಲ. ದಿನಕ್ಕೆ ಕೆಲವೇ ಗಾಡಿ ಓಡಿಸಿ "ಜನ ಬರಲಿಲ್ಲ" ಎಂದು ಷರಾ ಬರೆಯುವುದು ಸುಲಭ.

ವರ್ತೂರು ಕೋಡಿ

ಇಷ್ಟೆಲ್ಲ ಓದಿದ ಮೇಲೂ ನನಗೆ ಒಂದು ಅರ್ಥವಾಗಲಿಲ್ಲ. ಮೊದಲು ಯಾವುದು? ಟಿಕೆಟ್, ಹಳಿ, ಪಥ, ಬೇಲಿ ಎಂದು ನಾಲ್ಕು ಜನ ನಾಲ್ಕು ಹೇಳುತ್ತಿದ್ದೀರಿ. ಒಂದನ್ನು ಆರಿಸಿ.

ಹಳಿಹುಚ್ಚ

ಒಂದೇ ಆರಿಸಬೇಕೆಂದರೆ ಒಂದು ದಿಕ್ಕನ್ನು ಆರಿಸುತ್ತೇನೆ, ಅದರಲ್ಲಿ ನಾಲ್ಕನ್ನೂ ಮಾಡಿ ತೋರಿಸಲಿ. ಆನೇಕಲ್ ದಿಕ್ಕು. ಬೊಮ್ಮಸಂದ್ರದಲ್ಲಿ ಮೆಟ್ರೊ ತುದಿ ಇದೆ, ಸುತ್ತ ಬೊಮ್ಮಸಂದ್ರ, ಜಿಗಣಿ ಕೈಗಾರಿಕಾ ಪ್ರದೇಶಗಳಿವೆ, ಹತ್ತಿರವೇ ಹೀಲಲಿಗೆ ರೈಲು ನಿಲ್ದಾಣವಿದೆ, ಕನಕ ಮಾರ್ಗ ಬಂದರೆ ಅಲ್ಲಿಂದಲೇ ಹೊರಡಬೇಕು. ಮೆಟ್ರೊ ನಿಲ್ದಾಣದಿಂದ ಚಂದಾಪುರದ ಮೂಲಕ ಆನೇಕಲ್‌ಗೆ ಸುಮಾರು 15 ಕಿ.ಮೀ. ಹಿರಿಯರೇ, ಕಾಲು ಗಂಟೆಗೊಂದು ಬಸ್ಸಿಗೆ ಎಷ್ಟು ಬೇಕು?

ಡಿಪೊ ಹಿರಿಯ

ಗಂಟೆಗೆ 20 ಕಿ.ಮೀ. ಎಂದರೆ ಹೋಗಲು 45, ಬರಲು 45 ನಿಮಿಷ, ಎರಡು ತುದಿಗೆ ಸೇರಿ 15 ನಿಮಿಷ. ಒಂದು ಸುತ್ತು 105 ನಿಮಿಷ, ಏಳು ಬಸ್. ಒಂದು ಸ್ಪೇರ್ ಸೇರಿಸಿ ಎಂಟು. ಚಂದಾಪುರ ವೃತ್ತದಲ್ಲಿ ಸಿಕ್ಕಿಬಿದ್ದರೆ ಒಂಬತ್ತಾಗುತ್ತದೆ. ಅಲ್ಲಿನ ಸಿಗ್ನಲ್‌ನಲ್ಲಿ ಬಸ್ಸಿಗೆ ಆದ್ಯತೆ ಕೊಡಿಸಿದರೆ ಆ ಒಂಬತ್ತನೆಯದು ಉಳಿಯುತ್ತದೆ.

ಆನೇಕಲ್ ಅಕ್ಕ

ಎಂಟು ಬಸ್ಸಿನ ಆಸೆ ತೋರಿಸಿ ಬೆಳಗ್ಗೆ ಒಂಬತ್ತು, ಸಂಜೆ ಆರು ಎಂದು ಕಚೇರಿ ಹೊತ್ತಿಗೆ ಹೊಂದಿಸಬೇಡಿ. ಇಲ್ಲಿನ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವುದು ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತಕ್ಕೆ. ಎರಡರ ಪಾಳಿಗೆ ಬರುವವರೇ ರಾತ್ರಿ ಹತ್ತಕ್ಕೆ ಬಿಡುವವರು. ಆ ಹೊತ್ತಿಗೆ ಷೇರ್ ಆಟೊದವನು ಕೇಳಿದಷ್ಟು ಕೊಡಬೇಕು, ಇಲ್ಲವೇ ಯಾರದೋ ಬೈಕಿನ ಹಿಂದೆ ಕೂರಬೇಕು.

ಡಿಪೊ ಹಿರಿಯ

ಹಾಗಾದರೆ ಕೊನೆಯ ಬಸ್ಸು ಹತ್ತೂಮುಕ್ಕಾಲಕ್ಕೆ ಬೊಮ್ಮಸಂದ್ರ ಬಿಡಬೇಕು, ಆನೇಕಲ್ ಸೇರುವಾಗ ಹನ್ನೊಂದೂವರೆ. ಎರಡು ಬಸ್ಸನ್ನು ಆನೇಕಲ್‌ನಲ್ಲೇ ನೈಟ್ ಔಟ್ ಹಾಕಿದರೆ, ಅಂದರೆ ರಾತ್ರಿ ಅಲ್ಲೇ ನಿಲ್ಲಿಸಿದರೆ, ಅವೇ ಮರುದಿನ ಬೆಳಗ್ಗೆ ಐದರ ಟ್ರಿಪ್ ಆಗುತ್ತವೆ, ಆರರ ಪಾಳಿಗೆ ಜನ ಮುಟ್ಟುತ್ತಾರೆ, ಖಾಲಿ ಓಡುವ ಕಿ.ಮೀ. ಕೂಡ ಉಳಿಯುತ್ತದೆ. ಸಿಬ್ಬಂದಿ ಮಲಗಲು ಕೋಣೆ, ಶೌಚಾಲಯ ಬೇಕು. ಅದನ್ನು ಯಾವ ಯೋಜನೆಯಲ್ಲೂ ಬರೆಯುವುದಿಲ್ಲ, ಹಾಗಾಗಿಯೇ ಕೊನೆಯ ಟ್ರಿಪ್ ರದ್ದಾಗುವುದು. ಅಕ್ಕಾ, ಯಾವ ಯಾವ ಗೇಟಿನಲ್ಲಿ ಎಷ್ಟು ಹೊತ್ತಿಗೆ ಪಾಳಿ ಬಿಡುತ್ತದೆ ಎಂದು ವಿಚಾರಿಸಿ ಇಲ್ಲಿ ಹಾಕಿ. ಎಂಟು ಬಸ್ಸಿನ ಪೂರ್ತಿ ಷೆಡ್ಯೂಲ್ ನಾನು ಕೂತು ಬರೆಯುತ್ತೇನೆ, ಹಳಿಹುಚ್ಚರು ಅದನ್ನು ಭೂಸಾರಿಗೆ ಪ್ರಾಧಿಕಾರಕ್ಕೆ ಮುಟ್ಟಿಸಲಿ.

ಆನೇಕಲ್ ಅಕ್ಕ

ಜಿಗಣಿ ಕಡೆಯದನ್ನು ಭಾನುವಾರದೊಳಗೆ ಹಾಕುತ್ತೇನೆ. ಬೊಮ್ಮಸಂದ್ರದ್ದನ್ನು ಅಲ್ಲಿ ಕೆಲಸ ಮಾಡುವ ಯಾರಾದರೂ ಹಾಕಿ.